ಅಜ್ಜನ ಜಾವಾಕ್ಕೆ ಎರಡು ಅಂಗುಲ

ನಮ್ಮ ಮನೆಯಲ್ಲಿ ಎತ್ತರದ ಲೆಕ್ಕ ಇರುವುದು ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ. ಮಗನ ಪ್ರತಿ ಹುಟ್ಟುಹಬ್ಬಕ್ಕೂ ಪೆನ್ಸಿಲಿನಲ್ಲಿ ಒಂದು ಗೆರೆ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಗೆರೆ ನನ್ನನ್ನು ದಾಟಿತು. ಪಿಯುಸಿ ಮುಗಿದಾಗ ಆರು ಅಡಿ ಮೂರು ಅಂಗುಲ. ಆಮೇಲೆ ಆ ಕೆಲಸವನ್ನೇ ಬಿಟ್ಟೆವು. ಗೆರೆ ಎಳೆಯಲು ನಾನು ಸ್ಟೂಲು ಹತ್ತಬೇಕಾಗಿತ್ತು!

ಇಷ್ಟುದ್ದದ ಹುಡುಗನಿಗೆ ಕಣ್ಣು ಬಿದ್ದದ್ದು ಅಜ್ಜನ ಜಾವಾ ಮೋಟಾರ್ ಸೈಕಲ್ ಮೇಲೆ. ನನ್ನ ತಂದೆ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. 1968ರ ಮಾದರಿಯ ಆ 250 ಸಿ.ಸಿ. ಗಾಡಿಯನ್ನು ಸಾಲ ಮಾಡಿ, ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದರು. ಹುಟ್ಟಿನಿಂದ ಅದು ಜೆಕೊಸ್ಲೊವಾಕಿಯಾದ ವಿನ್ಯಾಸ. ಆದರೆ ತಯಾರಾದದ್ದು ನಮ್ಮ ಮೈಸೂರಿನಲ್ಲಿ, 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಕಿಕ್ ಹೊಡೆಯಲೂ ಗೇರು ಬದಲಿಸಲೂ ಅದಕ್ಕೆ ಒಂದೇ ಲಿವರ್. ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಸಂಜೆ ಕೆಮ್ಮಣ್ಣಿನ ದೂಳು ಹೊತ್ತು ಬರುತ್ತಿದ್ದ ಅಪ್ಪನ ಸದ್ದು ಬೀದಿಯ ತುದಿಯಲ್ಲೇ ನಮಗೆ ಗೊತ್ತಾಗುತ್ತಿತ್ತು.

ಅಪ್ಪನದು ಐದು ಅಡಿ ಐದು ಅಂಗುಲ. 16 ಅಂಗುಲದ ಪುಟ್ಟ ಚಕ್ರಗಳ, ತಗ್ಗಿನ ಸೀಟಿನ ಆ ಗಾಡಿ ಅವರಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮಗ ಕುಳಿತರೆ ಮಾತ್ರ ಮಂಡಿಗಳು ಟ್ಯಾಂಕಿನ ರಬ್ಬರ್ ಪಟ್ಟಿಯನ್ನು ದಾಟಿ, ಹ್ಯಾಂಡಲ್ಲಿನ ಹತ್ತಿರಕ್ಕೆ ಬರುತ್ತಿದ್ದವು. ‘ಮೂರು ಚಕ್ರದ ಸೈಕಲ್ ಮೇಲೆ ಒಂಟೆ ಕೂತ ಹಾಗಿದೆ’ ಎಂದು ಅವನ ತಾಯಿ ನಕ್ಕಳು. ನಾನೂ ನಕ್ಕೆ.

ನಗು ನಿಂತದ್ದು ಒಂದು ಭಾನುವಾರ. ಅವನು ಮಾಸ್ತಿಯ ಕಡೆಗೆ, ಅಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರರ ಊರಿನ ಕಡೆಗೆ ಹೊರಟಿದ್ದ. ತಿರುವೊಂದರಲ್ಲಿ ಹ್ಯಾಂಡಲ್ ಮಂಡಿಗೆ ತಾಗಿ ಪೂರ್ತಿ ತಿರುಗಲೇ ಇಲ್ಲ. ಗಾಡಿ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಪುಣ್ಯಕ್ಕೆ ಎದುರಿಗೆ ಯಾವ ವಾಹನವೂ ಇರಲಿಲ್ಲ. ಸಂಜೆ ಅವನು ನಡೆದದ್ದನ್ನು ಮುಚ್ಚಿಡದೆ ಹೇಳಿ, “ಸೀಟು ಎತ್ತರಿಸೋಣ ಅಪ್ಪಾ” ಎಂದ.

“ಅಜ್ಜನ ಗಾಡಿಗೆ ಕೈ ಹಚ್ಚುವ ಹಾಗಿಲ್ಲ. ಆದರೆ ಹೊಂದಿಕೊಂಡು ಓಡಿಸು, ಇಲ್ಲದಿದ್ದರೆ ಬಿಡು” ಎಂದೆ.

ಒಂದು ವಾರ ಮನೆಯಲ್ಲಿ ಮಾತಿಗಿಂತ ಮೌನವೇ ಹೆಚ್ಚಾಯಿತು. ಗಾಡಿಗೆ ಹೊದಿಕೆ ಬಿತ್ತು.

ಅಷ್ಟರಲ್ಲಿ ಏನೋ ಹುಡುಕಲು ಅಟ್ಟ ಹತ್ತಿದವನ ಕೈಗೆ ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ತೂತು ಕೊರೆದ ನಾಲ್ಕು ಮರದ ತುಂಡುಗಳು. ಒಂದು ಕ್ಷಣ ಗುರುತು ಹತ್ತಲಿಲ್ಲ, ಆಮೇಲೆ ಹತ್ತಿತು. ಆರನೆಯ ತರಗತಿಯಲ್ಲಿ ನಾನು ಕುಳ್ಳ. ದೊಡ್ಡವರ ಸೈಕಲ್ಲಿನ ಪೆಡಲು ನನ್ನ ಕಾಲಿಗೆ ಎಟುಕುತ್ತಿರಲಿಲ್ಲ. ಅಪ್ಪ ಬಡಗಿಯ ಬಳಿ ಈ ತುಂಡುಗಳನ್ನು ಮಾಡಿಸಿ ಪೆಡಲಿನ ಎರಡೂ ಬದಿಗೆ ಬೋಲ್ಟಿನಿಂದ ಬಿಗಿದಿದ್ದರು. ‘ಉದ್ದ ಆಗುವವರೆಗೆ ಕಾಯಿ’ ಎಂದಿರಲಿಲ್ಲ. ಸೈಕಲ್ಲನ್ನು ಕೊಯ್ದೂ ಇರಲಿಲ್ಲ.

ಮರುದಿನವೇ ಮಗನನ್ನು ಕರೆದುಕೊಂಡು ಹೊರಟೆ. ಮೊದಲು ಹೋದ ಅಂಗಡಿಯವನು ಹಿಂದಿನ ಚೌಕಟ್ಟನ್ನೇ ಕತ್ತರಿಸಿ, ಎತ್ತರಿಸಿ ವೆಲ್ಡ್ ಮಾಡುವುದಾಗಿ ಹೇಳಿದ. ಎರಡನೆಯವರು ಜಾವಾ, ಯೆಜ್ಡಿಗಳಲ್ಲೇ ಕೂದಲು ಬೆಳ್ಳಗಾದ ಮೇಸ್ತ್ರಿ. “ಗಾಡಿ ಹಾಗೇ ಇರಲಿ ಸಾರ್, ಮೊದಲು ಹುಡುಗನ್ನ ಅಳೆಯೋಣ” ಎಂದು ಟೇಪು ತೆಗೆದರು.

ಅವರು ಹೇಳಿಕೊಟ್ಟದ್ದು ಸರಳ ರೇಖಾಗಣಿತ. ಸವಾರನ ಮೈ ಗಾಡಿಗೆ ತಾಗುವುದು ಮೂರು ಕಡೆ: ಸೀಟು, ಕಾಲಿಡುವ ಕಂಬಿ, ಹ್ಯಾಂಡಲ್. ಈ ತ್ರಿಕೋನದಲ್ಲಿ ಒಂದು ಮೂಲೆ ಸರಿದರೆ ಉಳಿದೆರಡರ ಲೆಕ್ಕವೂ ಬದಲಾಗುತ್ತದೆ. ಕಾಲಿನ ಕಂಬಿ ಇಳಿಸಿದರೆ ತಿರುವಿನಲ್ಲಿ ನೆಲಕ್ಕೆ ತಾಗುವ ಭಯ. ಬ್ರೇಕು, ಗೇರು ಕಾಲಿಗೆ ಸಿಗುವ ಜಾಗವೂ ತಪ್ಪುತ್ತದೆ. ಹಿಂದಿನ ಸ್ಪ್ರಿಂಗ್ ಉದ್ದ ಮಾಡಿದರೆ ಗಾಡಿ ಮುಂದಕ್ಕೆ ಬಾಗಿ ನಡತೆಯೇ ಬದಲಾಗುತ್ತದೆ. ಹ್ಯಾಂಡಲ್ ಎತ್ತರಿಸಿದರೆ ಕೇಬಲ್‌ಗಳು ಸಾಲದೆ, ತಿರುಗಿಸಿದಾಗ ಎಳೆದುಕೊಂಡು ಎಂಜಿನ್ ತಾನಾಗಿ ಜೋರು ಹಿಡಿಯಬಹುದು. ಆದ್ದರಿಂದ ಮೊದಲು ಸೀಟು. ಅದಷ್ಟರಿಂದಲೇ ಆಗದಿದ್ದರೆ ಮಾತ್ರ ಮುಂದಿನ ಮಾತು.

ಹಳೆಯ ಸೀಟನ್ನು ಮುಟ್ಟಲಿಲ್ಲ. ಇನ್ನೊಂದು ಸೀಟಿನ ತಗಡು ಹುಡುಕಿ, ಕುಶನ್ ಹೊಲಿಯುವವರ ಬಳಿ ಗಟ್ಟಿ ಫೋಮಿನಲ್ಲಿ ಹೊಸದು ಮಾಡಿಸಿದೆವು. ಮೆತ್ತನೆಯ ಫೋಮು ಅಂಗಡಿಯಲ್ಲಿ ಸುಖ, ಅರ್ಧ ಗಂಟೆಯ ಸವಾರಿಗೆ ಚಪ್ಪಟೆ. ಎತ್ತರ ಎರಡು ಅಂಗುಲ ಹೆಚ್ಚಿತು. ಅದಕ್ಕಿಂತ ಮುಖ್ಯವಾಗಿ, ಕೂರುವ ಗುಂಡಿ ಮೂರು ಅಂಗುಲ ಹಿಂದಕ್ಕೆ ಹೋಯಿತು. ಮಂಡಿ ಬಿಚ್ಚಿಕೊಂಡಿತು, ಹ್ಯಾಂಡಲ್ ಎರಡೂ ಕಡೆ ಕೊನೆಯವರೆಗೆ ತಿರುಗಿತು. ಹುಡುಗನ ಕೈಗಳೂ ಉದ್ದವಾದ್ದರಿಂದ ಹ್ಯಾಂಡಲ್ಲಿಗೆ ಏನೂ ಬೇಕಾಗಲಿಲ್ಲ. ನಿಲ್ಲಿಸಿದಾಗ ಎರಡೂ ಪಾದ ಪೂರ್ತಿ ನೆಲ ಮುಟ್ಟುವುದನ್ನು ನೋಡಿದ ಮೇಲೆಯೇ ಮೇಸ್ತ್ರಿ ಕೀಲಿಕೈ ಕೊಟ್ಟರು.

ಕೊಯ್ಯದೆ ಇದ್ದದ್ದು ಕಾನೂನಿನ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿ ಹೇಳಿತು. 2021ರ ನಿಯಮಗಳಂತೆ 50 ವರ್ಷ ದಾಟಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲೇ ಇರಬೇಕು. ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾವು ಆ ದಾರಿ ಹಿಡಿದಿಲ್ಲ, ಅಪ್ಪನ ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿದ್ದೇವೆ.

ಮುಂದಿನ ಭಾನುವಾರ ಮಗ ಮತ್ತೆ ಮಾಸ್ತಿಯ ದಾರಿ ಹಿಡಿದ. ಈ ಸಲ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತವನು ನಾನು. ಹೊಸ ಸೀಟಿನಲ್ಲಿ ನನ್ನ ಪಾಲಿಗೆ ಉಳಿದದ್ದು ಗೇಣುದ್ದ ಜಾಗ. ಅದೇ ತಿರುವಿನಲ್ಲಿ ಗಾಡಿ ಸಲೀಸಾಗಿ ತಿರುಗಿತು. “ಹೇಗಿದೆ?” ಎಂದು ಕೇಳಿದೆ. “ಬೆನ್ನು ನೆಟ್ಟಗಿದೆ ಅಪ್ಪಾ. ನಿಮಗೆ?” ಎಂದ. ‘ಹೊಂದಿಕೊಂಡಿದ್ದೇನೆ’ ಎಂದೆ.

ಅಜ್ಜನ ಸೀಟನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ, ಆ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇವೆ. ನಾಲ್ಕು ಬೋಲ್ಟು ಬಿಚ್ಚಿದರೆ ಗಾಡಿ ಮತ್ತೆ ಅವರದೇ. ಮುಂದೆ ಈ ಮನೆಯಲ್ಲಿ ಕುಳ್ಳರು ಹುಟ್ಟಿದರೂ ತೊಂದರೆಯಿಲ್ಲ.