ಪಾಯಾ ತೆಗೆಯುವ ಮೊದಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಮನೆ ಎದ್ದು ನಿಲ್ಲುವ ತನಕ ಎಲ್ಲಿರಬೇಕು ಎಂಬುದನ್ನು ಮಾತ್ರ ಹೇಳದೆ ಹೋದರು. ನಾವು ಟ್ರೇಲರಿನಲ್ಲಿದ್ದೇವೆ.

ಹುಬ್ಬಳ್ಳಿಯ ಬಾಡಿಗೆ ಮನೆ ಬಿಟ್ಟು, ನವಲಗುಂದದ ಹೊರಗೆ ಅಪ್ಪನಿಂದ ಬಂದ ಎರೆ ಹೊಲದಲ್ಲಿ ಎರಡು ಗುಂಟೆ ಮನೆಗೆಂದು ಬಿಟ್ಟುಕೊಂಡು, ಭರತ ಹುಣ್ಣಿಮೆಯ ಮರುವಾರ ಬಂದಿಳಿದೆವು. ಯುಗಾದಿಗೆ ಪಾಯಾ, ದೀಪಾವಳಿಗೆ ಗೃಹಪ್ರವೇಶ ಎಂದು ನನ್ನ ಲೆಕ್ಕ. ಮೂವತ್ತು ವರ್ಷ ಹುಡುಗರಿಗೆ ಲೆಕ್ಕ ಕಲಿಸಿದವನು ಹಾಕಿದ್ದಾದ್ದರಿಂದ ಯಾರೂ ಅನುಮಾನಪಡಲಿಲ್ಲ.

ಟ್ರೇಲರ್ ಎಂದರೆ ಹೆಸರು, ಉಳ್ಳಾಗಡ್ಡಿ ಹೇರಿಕೊಂಡು ಟ್ರ್ಯಾಕ್ಟರಿನ ಹಿಂದೆ ಪೇಟೆಗೆ ಹೋಗುತ್ತದಲ್ಲ, ಅದೇ. ಬಾಜೂ ಹೊಲದವರ ಹಳೆಯದು. ಮೇಲೆ ಬಿದಿರು ಬಗ್ಗಿಸಿ ತಾಡಪತ್ರಿ ಬಿಗಿದಿದ್ದೇವೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಕೊಲ್ಲಾರಿ ಚಕ್ಕಡಿಯ ದಪ್ಪನೆಯ ತಮ್ಮನಂತೆ ಕಾಣುತ್ತದೆ. ಅಮೆರಿಕದಲ್ಲಿ ಅಡುಗೆಮನೆ, ಬಚ್ಚಲು ಎಲ್ಲ ಕೂಡಿದ ಗಾಡಿ ತಂದು ಹೊಲದಲ್ಲಿ ನಿಲ್ಲಿಸಿಕೊಂಡು ಮನೆ ಕಟ್ಟಿಕೊಳ್ಳುವವರಿದ್ದಾರೆ ಎಂದು ಮಗ ಫೋಟೊ ಕಳಿಸಿದ. ಅವನ ತಾಯಿ ಫೋಟೊ ದೊಡ್ಡದು ಮಾಡಿ ಬಚ್ಚಲನ್ನೇ ಬಹಳ ಹೊತ್ತು ನೋಡಿದಳು. "ಮನಿ ಕಟ್ಟೂದಂದ್ರ ಮೊದಲ ಮನಿ ಬಿಡೂದು ಅಂತ ಗೊತ್ತಿದ್ದಿಲ್ಲ ನೋಡ್ರಿ" ಎಂದಳು.

ಒಳಗೆ ಒಂದು ಟ್ರಂಕು, ಗ್ಯಾಸಿನ ಒಲೆ, ಕೆಳಗೆ ನವಲಗುಂದದ ಜಮಖಾನೆ. ನಮ್ಮೂರ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕೂತು ನೇಯುವಂಥದು; ನಮ್ಮದರಲ್ಲಿ ಪಗಡೆ ಹಾಸಿನ ಚಿತ್ರವಿದೆ. ರಾತ್ರಿ ಊಟವಾದ ಮೇಲೆ ಅದರ ಮೇಲೆಯೇ ಕವಡಿ ಹಾಕಿ ಆಡುತ್ತೇವೆ. ನಾನು ಕಾಲು ಚಾಚಿದರೆ ಆಟ ಕೆಡುತ್ತದೆ, ಮಡಚಿದರೆ ಮೊಣಕಾಲು ಕೆಡುತ್ತದೆ. ಸಾಮಾನ್ಯವಾಗಿ ಅವಳೇ ಗೆಲ್ಲುತ್ತಾಳೆ.

ಯುಗಾದಿಗೆ ಗೌಂಡಿ ಬಂದ. ನಾನು ಗೂಟ ಹೊಡೆದು ದಾರ ಎಳೆದಿದ್ದ ಜಾಗವನ್ನು ಒಂದು ಸುತ್ತು ಹಾಕಿ, ತಂಬಾಕು ತಿಕ್ಕಿ, "ಒಂದ ಮಳಿ ನೋಡ್ರಿ ಮಾಸ್ತರ. ಆಮ್ಯಾಲ ಪಾಯಾ ತಗಿಯೂಣು" ಎಂದು ಹೊರಟೇಬಿಟ್ಟ. ಕೆಲಸ ತಪ್ಪಿಸಿಕೊಳ್ಳುವವರ ಮಾತು ಎಂದುಕೊಂಡೆ.

ಏಪ್ರಿಲ್ ಹೊತ್ತಿಗೆ ನೆಲ ಬಾಯಿ ಬಿಟ್ಟಿತು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಮುದುಡಿ ಸೀಳುತ್ತದೆ. ಇದರ ಮೇಲೆ ಕೂತ ಗೋಡೆ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂಡುತ್ತದೆ. ಊರಿನ ಗೋಡೆಗಳ ಮೂಲೆಯಲ್ಲಿ ಓಡುವ ಬಿರುಕುಗಳ ಕಥೆ ಇದೇ. ಅದಕ್ಕೇ ಗೌಂಡಿಗಳು ಎರೆ ಮುಗಿದು ಗರಸು ಸಿಗುವ ತನಕ ತೋಡಿಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ ಬುಡದಲ್ಲಿ ಉಳ್ಳಾಗಡ್ಡಿಯಂತೆ ಉಬ್ಬಿದ ಕಾಂಕ್ರೀಟ್ ಕಂಬವನ್ನು ರೂಪಿಸಿದ್ದಾರೆ. ಮೇಲಿನ ಮಣ್ಣು ಎಷ್ಟೇ ಹೊರಳಾಡಿದರೂ ಆ ಗಡ್ಡೆ ಕೆಳಗೆ ಕಚ್ಚಿಕೊಂಡಿರುತ್ತದೆ. ನಾವು ಬೆಳೆಯುವ ಉಳ್ಳಾಗಡ್ಡಿಯಿಂದ ನಾವೇ ಕಲಿಯಬಹುದಿತ್ತು.

ನನ್ನ ನಷ್ಟ ಸಣ್ಣದು. ಟ್ರೇಲರಿನಿಂದ ಇಳಿಯುವಾಗ ಟ್ರಂಕಿನ ಕೀಲಿಕೈ ಜಾರಿ, ಗಾಲಿಯ ಪಕ್ಕದ ಬಿರುಕಿನೊಳಗೆ ಹೋಯಿತು. ಬ್ಯಾಟರಿ ಬಿಟ್ಟು ನೋಡಿದೆ: ಒಂದು ಮೊಳದ ಕೆಳಗೆ ಹಿತ್ತಾಳೆ ಮಿನುಗುತ್ತಿತ್ತು. ತಂತಿ ಇಳಿಸಿದೆ. ತಂತಿಯ ತುದಿ ತಾಗಿ ಅದು ಇನ್ನೂ ಕೆಳಕ್ಕೆ ಜಾರಿತು, ಆಮೇಲೆ ಕತ್ತಲೆ. ಮಣ್ಣುಶಾಸ್ತ್ರದವರು ಇಂಥ ನೆಲವನ್ನು ವರ್ಟಿಸಾಲ್ ಎನ್ನುತ್ತಾರೆ, ತಿರುವು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಹೆಸರು. ಮೇಲಿನ ಮಣ್ಣು ಬಿರುಕಿಗೆ ಬಿದ್ದು, ಮಳೆಗೆ ಉಬ್ಬಿ, ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದಂತೆ. ಎಂದಾದರೂ ಕೀಲಿಕೈ ಮೇಲೆ ಬಂದೀತು ಎಂದೆ. ಅವಳು ಕಲ್ಲು ತಂದು ಬೀಗ ಒಡೆದಳು.

ಆ ತಿಂಗಳೇ ಬೆಳಗಾವಿ ಕಡೆಯ ಕುರುಬರು ಬಂದು ಬಾಜೂ ಹೊಲದಲ್ಲಿ ಕುರಿ ತರುಬಿದರು. ಕುದುರೆಯ ಮೇಲಿಂದ ಇಳಿದದ್ದು ಬಲೆ, ಕಂಬಳಿ, ನಾಲ್ಕು ಪಾತ್ರೆ, ಒಂದು ಎಳೆಯ ಮರಿ. ಅರ್ಧ ತಾಸಿನಲ್ಲಿ ಒಲೆ ಹೊಗೆಯಾಡುತ್ತಿತ್ತು. ಅವರ ಹಿರಿಯ ನಮ್ಮ ತಾಡಪತ್ರಿಯನ್ನು ತಿಳಿದವರ ಕಣ್ಣಿನಿಂದ ನೋಡಿ, "ಮುಂದ ಯಾವ ಊರಿಗ್ರಿ?" ಎಂದು ಕೇಳಿದ. ಎಲ್ಲಿಗೂ ಇಲ್ಲ, ಎರಡು ತಿಂಗಳಿಂದ ಇಲ್ಲೇ ಇದ್ದೇವೆ, ಮನೆ ಕಟ್ಟಬೇಕು ಎಂದೆ. "ಎರಡ ತಿಂಗಳಾ? ಹಂಗಾರ ಇದು ಮನೀನ ಆತಲ್ರಿ!" ಎಂದು ನಕ್ಕ.

ನೀರಿನದು ಬೇರೆ ಪುರಾಣ. ಇಲ್ಲಿ ಬೋರಿನ ನೀರು ಉಪ್ಪು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಕುಡಿಯಲು ಕೆರೆಯ ನೀರೇ ಬೇಕು, ಕೆರೆಗೆ ಮಲಪ್ರಭೆಯ ಕಾಲುವೆ ಹರಿಯಬೇಕು. ಆ ಕಾಲುವೆಯ ನೀರು ಹೊಲ ಮುಟ್ಟದಿದ್ದರೂ ಕರ ಕಟ್ಟಿ ಎಂದದ್ದಕ್ಕೇ 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಎದ್ದರು. ಗೋಲಿಬಾರಿನಲ್ಲಿ ಜೀವ ಹೋದವು. ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಬರುವಾಗ ತುಳುಕಿದರೆ ಬೈಸಿಕೊಳ್ಳುವುದು ಸುಮ್ಮನೆ ಅಲ್ಲ.

ಮಿರಗದ ಮಳೆ ರಾತ್ರಿ ಹಿಡಿಯಿತು. ತಾಡಪತ್ರಿಯ ಮೇಲೆ ಹುರಿದ ಜೋಳ ಸುರಿದ ಸದ್ದು. ಒಂದು ಮೂಲೆಯ ಹಗ್ಗ ಕಿತ್ತು, ಇಬ್ಬರೂ ಬೆಳಗಿನ ತನಕ ಅದನ್ನು ಹಿಡಿದುಕೊಂಡೇ ಕೂತೆವು. ಬೆಳಕಾದಾಗ ನನ್ನ ಗೂಟಗಳ ನಡುವೆ, ಪಡಸಾಲೆ, ದೇವರಮನೆ ಎಂದು ಗುರುತಿಸಿದ್ದಲ್ಲಿ, ಮೊಣಕಾಲುದ್ದ ನೀರು. ಬೇಸಿಗೆಯಲ್ಲಿ ತಾಟಿನಂತೆ ಸಪಾಟಾಗಿದ್ದ ಹೊಲಕ್ಕೂ ತಗ್ಗು ಇತ್ತು. ಇಳಿದು ನೋಡಲು ಹೋದೆ. ಹತ್ತು ಹೆಜ್ಜೆಗೆ ಚಪ್ಪಲಿಗೆ ಅಂಟಿದ ರಾಡಿ ಎರಡೆರಡು ಸೇರಿನಷ್ಟಾಗಿ, ಚಪ್ಪಲಿ ಅಲ್ಲಿಯೇ ಬಿಟ್ಟು ಬರಿಗಾಲಲ್ಲಿ ಬಂದೆ.

ವಾರ ಬಿಟ್ಟು ಬಂದ ಗೌಂಡಿ ಏನೂ ಅನ್ನಲಿಲ್ಲ. ಅದು ಅವನ ದೊಡ್ಡತನ. ಹೊಲವನ್ನೆಲ್ಲ ನೋಡಿ ಟ್ರೇಲರಿನ ಹತ್ತಿರ ನಿಂತ. ಅದರ ಕೆಳಗೆ ಮಾತ್ರ ನೀರು ನಿಂತಿರಲಿಲ್ಲ. "ಮನಿ ಇಲ್ಲೇ ಬರಲಿ" ಎಂದ.

ಸೀಗಿ ಹುಣ್ಣಿಮೆಯ ಚರಗ ಚೆಲ್ಲಿದ ಮರುದಿನ ಟ್ರ್ಯಾಕ್ಟರ್ ತರಿಸಿ, ಹೂತ ಗಾಲಿ ಕೀಳಿಸಿ, ಟ್ರೇಲರನ್ನು ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸಿದೆವು. ಅದು ನಿಂತಿದ್ದಲ್ಲಿ ಈಗ ಪಾಯಾ ತೆಗೆಯುತ್ತಿದ್ದಾರೆ; ಆಳು ಉದ್ದ ಇಳಿದರೂ ಗರಸು ಸಿಕ್ಕಿಲ್ಲ. ಹಿತ್ತಾಳೆಯ ಕೀಲಿಕೈ ಕಂಡರೆ ಕೊಡಿ ಎಂದು ಹುಡುಗರಿಗೆ ಹೇಳಿಟ್ಟಿದ್ದೇನೆ. ಬೀಗ ಒಡೆದು ಆರು ತಿಂಗಳಾಯಿತು ಎಂಬುದನ್ನು ಹೇಳಿಲ್ಲ.