ಸಿಲಬಸ್ ಬಂತು, ಕನ್ನಡ?

ಐ.ಬಿ. ಹುಟ್ಟಿದ್ದು 1968ರಲ್ಲಿ, ಜಿನೀವಾದಲ್ಲಿ. ಅಪ್ಪ-ಅಮ್ಮನ ಕೆಲಸದ ಹಿಂದೆ ದೇಶ ಬದಲಿಸೋ ಮಕ್ಕಳಿಗೆ ಎಲ್ಲಿ ಹೋದರೂ ನಡೆಯುವ ಒಂದು ಡಿಪ್ಲೊಮಾ ಬೇಕಿತ್ತು. ನಮ್ಮಂಥವರಿಗೆ ಅದು ನಿಜಕ್ಕೂ ಉಪಕಾರವೇ. ದುಬೈನಿಂದ ಸಿಂಗಪುರಕ್ಕೆ ಬಂದಾಗ ಮಗಳ ಯೂನಿಫಾರ್ಮ್ ಬದಲಾಯ್ತು, ಗೆಳತಿಯರು ಬದಲಾದ್ರು, ಪಾಠ ಮಾತ್ರ ನಿಂತಲ್ಲಿಂದಲೇ ಮುಂದುವರಿಯಿತು. (ಫೀಸು ಕಂಪನಿ ಕಟ್ಟುತ್ತೆ. ಇಲ್ಲದಿದ್ರೆ ಈ ಮಾತೇ ಇರ್ತಿರಲಿಲ್ಲ.)

ನನ್ನ ತಕರಾರು ಭಾಷೆಯದ್ದು. ಮುಂದಿನ ವರ್ಷ ಅವಳಿಗೆ ಡಿಪ್ಲೊಮಾ ಶುರು. ಆರು ವಿಷಯಗಳಲ್ಲಿ ಮೊದಲನೆಯದು ಭಾಷೆ-ಸಾಹಿತ್ಯ. ಎಲ್ಲರ ಹಾಗೆ ಇಂಗ್ಲಿಷ್ ತಗೊಂಡ್ರೆ ಮುಗೀತು. ಆದರೆ ಟೀಚರ್ ಸಿಗದ ಮಾತೃಭಾಷೆಯ ಸಾಹಿತ್ಯವನ್ನು ಶಾಲೆಯ ನೆರವಿನಿಂದ ತಾನೇ ಓದಿಕೊಂಡು ಪರೀಕ್ಷೆ ಬರೆಯೋ ದಾರಿಯೂ ಅಲ್ಲಿದೆ, ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ. ಇದನ್ನ ಯಾರೂ ತಾವಾಗಿ ಹೇಳಲ್ಲ, ನಾವೇ ಕೇಳಬೇಕು.

ಕೇಳಿದೆ. "ನಿಮ್ಮ ಭಾಷೆಯಲ್ಲಿ ಸಾಕಷ್ಟು ಸಾಹಿತ್ಯ ಇದೆಯಾ?" ಅಂದ್ರು ಕೋಆರ್ಡಿನೇಟರ್. ನಿಯಮದ ಪ್ರಕಾರ ಅವರು ಕೇಳಲೇಬೇಕಾದ ಪ್ರಶ್ನೆ, ಆದ್ರೂ ಮೈ ಉರಿಯಿತು. ಪಂಪನಿಂದ ಹಿಡಿದು ಎಂಟು ಜ್ಞಾನಪೀಠದವರೆಗೆ ಒಂದೇ ಉಸಿರಲ್ಲಿ ಒಪ್ಪಿಸಿದೆ.

ಮಗಳು ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು, "ಅಮ್ಮಾ, ಅವರೆಲ್ಲ ಇದ್ದಾರೆ ಸರಿ. ನಾನು ಇನ್ನೂ ಒತ್ತಕ್ಷರ ಕೂಡಿಸಿ ಓದೋಳು. ಮಾರ್ಕ್ಸ್ ಹೋದ್ರೆ ಯೂನಿವರ್ಸಿಟಿ ಸೀಟು ಹೋಗೋದು ನಂದು."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿ ಕೊಡೋಕೆ ಇನ್ನೂ ಎರಡು ತಿಂಗಳಿದೆ. ರಾತ್ರಿ ಊಟ ಆದ ಮೇಲೆ ಇಬ್ಬರೂ ತೇಜಸ್ವಿ ಓದ್ತಿದ್ದೀವಿ. ಸದ್ಯಕ್ಕೆ ಅರ್ಧ ಗಂಟೆಗೆ ಎರಡು ಪುಟ.