ಬಾನುಲಿಯ ಪೆಟ್ಟಿಗೆ ಮತ್ತೆ ನುಡಿದ ಬಗೆ



ಪಡಸಾಲೆಯಲ್ಲಿ ದೇವರ ಮಾಡವನ್ನು ಬಿಟ್ಟರೆ ಹೆಚ್ಚಿನ ಗೌರವವು ರೇಡಿಯೋ ಪೆಟ್ಟಿಗೆಗೇ ಸಲ್ಲುತ್ತಿದ್ದ ಕಾಲವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅದಕ್ಕೊಂದು ಕಸೂತಿಯ ಹೊದಿಕೆ, ಮಕ್ಕಳ ಕೈಗೆ ಎಟುಕದಂತೆ ಎತ್ತರದ ಹಲಗೆ, ಮನೆಯ ಹಿರಿಯರ ಹೊರತು ಬೇರೊಬ್ಬರು ಗುಂಡಿ ತಿರುಗಿಸಬಾರದೆಂಬ ಕಟ್ಟಳೆ! ವರ್ಷಕ್ಕೊಮ್ಮೆ ಅಂಚೆಯ ಕಚೇರಿಗೆ ಹೋಗಿ ಶುಲ್ಕ ತೆತ್ತು ಪರವಾನಿಗೆಯನ್ನು ನವೀಕರಿಸಿ ಬರಬೇಕಾಗಿದ್ದ ದಿನಗಳವು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಪುಟ್ಟ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ನಿಂತಿತು. 1950ರ ಜನವರಿ 8ರಂದು ಧಾರವಾಡದ ಕೇಂದ್ರವು ನುಡಿಯತೊಡಗಿದಾಗ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡದ ಕಾಡುಸೀಮೆಗೆ ಕನ್ನಡದ ದನಿಯು ಗಾಳಿಯಲ್ಲಿ ತೇಲಿ ಬರುವಂತಾಯಿತು.

ಆ ಕಾಲದ ಒಂದು ವಿಶೇಷವನ್ನು ಗಮನಿಸಬೇಕು. ಊರಿಗೆ ಒಂದೋ ಎರಡೋ ರೇಡಿಯೋ ಇರುತ್ತಿದ್ದುದರಿಂದ ಕೇಳುವುದೆಂಬುದು ಒಬ್ಬನ ಕೆಲಸವಾಗಿರಲಿಲ್ಲ. ಸಂಜೆಯ ವಾರ್ತೆಗೆ, ರೈತರ ಕಾರ್ಯಕ್ರಮಕ್ಕೆ, ವಚನಗಾಯನಕ್ಕೆ ಓಣಿಯೇ ಬಂದು ಜಗುಲಿಯ ಮೇಲೆ ಕೂಡುತ್ತಿತ್ತು. ಧಾರವಾಡದ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ ಸೇವೆ ಸಲ್ಲಿಸಿದ ಮಲ್ಲಿಕಾರ್ಜುನ ಮನ್ಸೂರರ ಕಂಠದಿಂದ ವಚನವೊಂದು ಹೊಮ್ಮಿದಾಗ ಬೀಡಿ ಸೇದುತ್ತಿದ್ದವನು ಅದನ್ನು ಆರಿಸುತ್ತಿದ್ದನು, ಹರಟುತ್ತಿದ್ದವನು ಸುಮ್ಮನಾಗುತ್ತಿದ್ದನು. ಮಠದ ಪ್ರಸಾದನಿಲಯದಲ್ಲಿ ಓದಿದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕೂ ಒಬ್ಬನೇ ಮೂಲೆಯಲ್ಲಿ ಕುಳಿತು ಉಣ್ಣುವುದಕ್ಕೂ ಎಷ್ಟು ಅಂತರವಿದೆಯೋ, ಹತ್ತು ಜನ ಕೂಡಿ ಕೇಳುವುದಕ್ಕೂ ಒಬ್ಬನೇ ಕೇಳುವುದಕ್ಕೂ ಅಷ್ಟೇ ಅಂತರವಿದೆ.

ಇಂದು ನಮಗೆ ದನಿಯ ಬಡತನವಿಲ್ಲ. ಕಿಸೆಯಲ್ಲಿರುವ ಫೋನಿನಲ್ಲಿ ಮನ್ಸೂರರೂ ಇದ್ದಾರೆ, ಬಸವರಾಜ ರಾಜಗುರುಗಳೂ ಇದ್ದಾರೆ. ಬೇಕಾದ ಹೊತ್ತಿನಲ್ಲಿ ಬೇಕಾದುದನ್ನು ಕೇಳಬಹುದು. ಆದರೆ ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು, ಕಿವಿಗೆ ಗುಬುಟು ಸಿಕ್ಕಿಸಿಕೊಂಡು, ನಾಲ್ಕು ಬೇರೆ ಬೇರೆ ಲೋಕಗಳಲ್ಲಿರುತ್ತಾರೆ. ಐದನೆಯವರಾದ ಮುದುಕರಿಗೆ ಮನೆಯೆಂಬುದು ನಿಶ್ಶಬ್ದ. ಈ ನಿಶ್ಶಬ್ದವೇ ನನ್ನನ್ನು ಒಂದು ಕೆಲಸಕ್ಕೆ ಹಚ್ಚಿತು. ಅದನ್ನು ನಿಮ್ಮೆದುರು ನಿವೇದಿಸುವುದೇ ಈ ಬರಹದ ಉದ್ದೇಶ.

ಜೋಯಿಡಾ ತಾಲೂಕಿನ ರಾಮನಗರದಲ್ಲಿ ನಮ್ಮ ದೂರದ ಸಂಬಂಧದ ಹಿರಿಯ ತಾಯಿಯೊಬ್ಬರಿದ್ದಾರೆ. ನಾವೆಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತೇವೆ. ಅವರ ಸಂಸಾರವು ಮೊದಲಿಗೆ ಸೂಪಾದಲ್ಲಿತ್ತು. ಕಾಳಿ ನದಿಗೆ ಅಡ್ಡವಾಗಿ ಕಟ್ಟಿದ, 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗಿತು. ಅಲ್ಲಿಯ ಜನರಲ್ಲಿ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ಮನೆ ಹೋಯಿತು, ಹಿತ್ತಲು ಹೋಯಿತು, ಬಾವಿ ಹೋಯಿತು. ಹೊತ್ತು ತರಲು ಸಾಧ್ಯವಾದ ಕೆಲವೇ ವಸ್ತುಗಳಲ್ಲಿ ಒಂದು ಸಾಗುವಾನಿಯ ಹೊದಿಕೆಯುಳ್ಳ ರೇಡಿಯೋ ಪೆಟ್ಟಿಗೆಯೂ ಇತ್ತು.

ಅದು ವಿದ್ಯುತ್ತಿಲ್ಲದ ಹಳ್ಳಿಗಳಿಗೆಂದು ತಯಾರಾಗುತ್ತಿದ್ದ, ಒಣ ಬ್ಯಾಟರಿಯಿಂದ ನಡೆಯುವ ವಾಲ್ವು ರೇಡಿಯೋ. ವಾಲ್ವುಗಳ ತಂತಿಯನ್ನು ಕಾಯಿಸಲು ಒಂದೂವರೆ ವೋಲ್ಟು, ಅವು ಕೆಲಸ ಮಾಡಲು 90 ವೋಲ್ಟು. ಎರಡನ್ನೂ ಒದಗಿಸುವ ಇಟ್ಟಿಗೆಯಂಥ ಭಾರದ ಬ್ಯಾಟರಿಯು ಪೆಟ್ಟಿಗೆಯ ತಳದಲ್ಲಿ ಕುಳಿತಿರುತ್ತಿತ್ತು. ಅದು ತುಟ್ಟಿಯ ಪದಾರ್ಥವಾದುದರಿಂದ ಮನೆಯವರು ಎಣ್ಣೆಯನ್ನು ಅಳೆದು ಸುರಿಯುವಂತೆ ರೇಡಿಯೋವನ್ನು ಗಳಿಗೆ ಲೆಕ್ಕ ಹಾಕಿ ಹಚ್ಚುತ್ತಿದ್ದರಂತೆ. ಮೇಲೆ ಎರಡು ಬಿದಿರ ಗಳುಗಳ ನಡುವೆ ತಾಮ್ರದ ತಂತಿ, ಕೆಳಗೆ ನೆಲದಲ್ಲಿ ಹೂತ ಇನ್ನೊಂದು ತಂತಿ; ಹೀಗೆ ಆಕಾಶಕ್ಕೂ ಭೂಮಿಗೂ ಕಟ್ಟಿಹಾಕಿದ ಆ ಪೆಟ್ಟಿಗೆ ಇದ್ದಲ್ಲಿಯೇ ಇರಬೇಕಾಗಿತ್ತು.

ಅಂಥ ಬ್ಯಾಟರಿಗಳು ಅಂಗಡಿಗಳಿಂದ ಮಾಯವಾದ ಮೇಲೆ ಪೆಟ್ಟಿಗೆ ಮೂಕವಾಯಿತು. ದಾಂಡೇಲಿಯ ಸುತ್ತಮುತ್ತ ಈಗ ಪ್ರವಾಸಿಗರ ವಸತಿಗೃಹಗಳು ಬಹಳ. ಅವುಗಳಲ್ಲೊಂದರ ಪರವಾಗಿ ಬಂದವರು ಇದನ್ನು ಪಡಸಾಲೆಯ ಅಲಂಕಾರಕ್ಕೆಂದು ಒಳ್ಳೆಯ ಬೆಲೆಗೆ ಕೇಳಿದರು. ಮೊಮ್ಮಕ್ಕಳಿಗೆ ಕೊಟ್ಟುಬಿಡುವ ಮನಸ್ಸೂ ಇತ್ತು. ಆಯಿ ನನ್ನನ್ನು ಕರೆಸಿ ಹೇಳಿದ ಮಾತು ಇದು:

“ತಮ್ಮಾ, ಅವರು ಕೊಟ್ಟ ರೊಕ್ಕ ತಿಂಗಳದಾಗ ಮುಗಿತೈತಿ. ಇದು ಮಾತಾಡೂದಾದ್ರ ಮಾತಾಡಲಿ, ಇಲ್ಲಾಂದ್ರ ನಮ್ಮ ಮನ್ಯಾಗ ಸುಮ್ನ ಕುಂದರಲಿ. ಚೆಂದ ಕಾಣಲಿ ಅಂತ ಮಂದಿ ಮನ್ಯಾಗ ನಿಲ್ಲಸೂದು ಮಾತ್ರ ಬ್ಯಾಡ.”

ಮಾತನಾಡಿಸುವುದೆಂತು? ಒಂಬತ್ತು ವೋಲ್ಟಿನ ಹತ್ತು ಸಣ್ಣ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 90 ವೋಲ್ಟು ಪಡೆಯಬಹುದು. ಆದರೆ ಎರಡು ವಾಲ್ವುಗಳ ತಂತಿ ಕಡಿದಿತ್ತು, ಸುರುಳಿಯೊಂದು ತುಕ್ಕು ಹಿಡಿದು ತುಂಡಾಗಿತ್ತು. ಮೇಲಾಗಿ ಆಯಿಗೆ ಬೇಕಾಗಿದ್ದುದು ತಾವು ಹಿಂದೆ ಕೇಳಿದ ವಚನಗಳು. ಅವು ಈಗ ಇರುವುದು ಮೊಮ್ಮಗನ ಫೋನಿನಲ್ಲಿ. ಆದುದರಿಂದ ಪೆಟ್ಟಿಗೆಯೊಳಗೆ ಬ್ಲೂಟೂತ್ ಸ್ಪೀಕರನ್ನು ಕೂಡಿಸುವುದೆಂದು ನಿಶ್ಚಯಿಸಿದೆ. ಆದರೆ ಒಂದು ನಿಯಮವನ್ನು ಹಾಕಿಕೊಂಡೆ: ಹಳೆಯದರಲ್ಲಿ ಯಾವುದನ್ನೂ ಕೊಯ್ಯಬಾರದು, ಯಾವ ಹೊಸ ರಂಧ್ರವನ್ನೂ ಕೊರೆಯಬಾರದು. ವಾಲ್ವುಗಳಿದ್ದ ತಗಡಿನ ಚೌಕಟ್ಟನ್ನು ತಿರುಪು ಬಿಚ್ಚಿ ಇಡಿಯಾಗಿ ಹೊರತೆಗೆದು, ಅರಿವೆಯಲ್ಲಿ ಸುತ್ತಿ, ತಿರುಪುಗಳನ್ನು ಡಬ್ಬಿಯಲ್ಲಿಟ್ಟು, ಆಯಿಯ ಕಪಾಟಿನಲ್ಲಿಯೇ ಇರಿಸಿದ್ದೇನೆ. ನಾಳೆ ನನಗಿಂತ ಬಲ್ಲವನೊಬ್ಬನು ಬಂದು ಅದನ್ನು ಬದುಕಿಸಬಯಸಿದರೆ ದಾರಿ ಮುಚ್ಚಿರಬಾರದು.

ಮರದ ಕೆಲಸ ಹಳಿಯಾಳದಲ್ಲಾಯಿತು. ಅಲ್ಲಿಯ ಹಿರಿಯ ಬಡಿಗರೊಬ್ಬರು ನುಸಿ ಹಿಡಿದ ಒಂದು ಮೂಲೆಯನ್ನು ತೆಗೆದು, ಅದೇ ಜಾತಿಯ ಹಳೆಯ ಮರದ ತುಂಡನ್ನು ನಾರು ಹೊಂದುವಂತೆ ಕೂಡಿಸಿದರು. ಎದ್ದಿದ್ದ ತೆಳು ಹೊದಿಕೆಯನ್ನು ಅಂಟು ಹಚ್ಚಿ ಒತ್ತಿ ಕೂರಿಸಿದರು. ಹೊಳೆಯುವ ಬಣ್ಣ ಬೇಡವೆಂದು ಅವರೇ ಹೇಳಿ, ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಅರಿವೆಯ ಉಂಡೆಯಿಂದ ತೆಳುವಾಗಿ ತೀಡಿದರು. ಮುಂದಿನ ಕೆಲಸ ದಾಂಡೇಲಿಯ ನನ್ನ ಮನೆಯಲ್ಲಿ ನಡೆಯಿತು.

ಹಳೆಯ ಸ್ಪೀಕರ್ ಇನ್ನೂ ಗಟ್ಟಿಯಾಗಿತ್ತು. ಸ್ಪೀಕರಿನ ನಾಲಗೆಯೆಂದರೆ ಕಾಗದದ ಒಂದು ಶಂಕು ಅಷ್ಟೆ. 1959ರಿಂದ ಕಾಗದ ತಯಾರಿಸುತ್ತ ಬಂದ ಗಿರಣಿಯ ಊರಿನಲ್ಲಿದ್ದು, ಸುತ್ತಲಿನ ಕಾಡಿನ ಬಿದಿರು ಕಾಗದವಾಗುವುದನ್ನು ಬಲ್ಲ ನನಗೆ, ಅದೇ ಬಗೆಯ ತಿರುಳು ಹಾಡಾಗುವುದನ್ನು ಕಂಡು ಸಂತೋಷವಾಯಿತು. ವಾಲ್ವುಗಳಿಗೂ ಸ್ಪೀಕರಿಗೂ ನಡುವೆ ಒಂದು ಪರಿವರ್ತಕ ಬೇಕಾಗಿತ್ತು; ಇಂದಿನ ವರ್ಧಕ ಫಲಕಕ್ಕೆ ಅದು ಬೇಡ, ಸ್ಪೀಕರನ್ನು ನೇರವಾಗಿ ನಡೆಸುತ್ತದೆ. ಪೆಟ್ಟಿಗೆಯ ಹಿಂಬದಿಯನ್ನು ಮುಚ್ಚಿಬಿಟ್ಟರೆ ತಬಲಾದ ಡಗ್ಗೆಯಂಥ ತಗ್ಗಿನ ಸ್ವರಗಳು ತುಂಬಿ ಬರುತ್ತವೆಂದು ಬಲ್ಲವರು ಹೇಳುವರು. ಅದು ನಿಜ, ಶಂಕುವಿನ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದಕ್ಕೊಂದು ವಿರುದ್ಧವಾದುದರಿಂದ ತೆರೆದ ಪೆಟ್ಟಿಗೆಯಲ್ಲಿ ಅವು ಪರಸ್ಪರ ಅಳಿಸಿಕೊಳ್ಳುತ್ತವೆ. ಆದರೆ ಮನುಷ್ಯನ ಕಂಠಕ್ಕೆ ತೆರೆದ ಪೆಟ್ಟಿಗೆಯೇ ಹಿತ. ವಚನದ ಮಾತು ಸ್ಪಷ್ಟವಾಗಿ ಕೇಳಿದರೆ ಸಾಕೆಂದು ರಂಧ್ರಗಳುಳ್ಳ ಹಳೆಯ ಹಿಂಬದಿಯ ರಟ್ಟನ್ನೇ ಉಳಿಸಿಕೊಂಡೆ.

ಹಿಂದೆ ಭಾರದ ಬ್ಯಾಟರಿ ಕುಳಿತಿದ್ದ ಸ್ಥಳದಲ್ಲಿಯೇ ಈಗ ಮೂರು ಲಿಥಿಯಂ ಕೋಶಗಳು ಕುಳಿತಿವೆ. ಒಂದೊಂದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಮೂರೂ ಸಾಲಾಗಿ ಸೇರಿ 11.1 ವೋಲ್ಟು. ಪೂರ್ಣ ತುಂಬಿದಾಗ ಸುಮಾರು 28 ವಾಟ್-ಗಂಟೆಯಷ್ಟು ಶಕ್ತಿ. ಮನೆಯಲ್ಲಿ ಕೇಳುವಷ್ಟು ದನಿಗೆ ಎರಡೂವರೆ ವಾಟಿನಷ್ಟು ಸಾಕಾಗುವುದರಿಂದ ಹತ್ತು ಗಂಟೆಗಳ ಕಾಲ ಹಾಡುತ್ತದೆ. ದನಿಯ ಗುಂಡಿಯ ಹಿಂದಿದ್ದ ಹಳೆಯ ನಿಯಂತ್ರಕದ ರೋಧವು ಹೊಸ ಫಲಕಕ್ಕೆ ಬಹಳ ಹೆಚ್ಚಾದುದು. ಅದರ ಬದಲು ಅದೇ ದಪ್ಪದ ದಂಡವುಳ್ಳ ಇನ್ನೊಂದನ್ನು ಕೂಡಿಸಿ, ಗುಂಡಿಯನ್ನು ಮಾತ್ರ ಹಳೆಯದನ್ನೇ ತೊಡಿಸಿದೆ. ತಿರುಗಿಸಿದಾಗ ಅಂದಿನಂತೆಯೇ ‘ಟಿಕ್’ ಎನ್ನುತ್ತದೆ. ಬ್ಲೂಟೂತ್ ಗ್ರಾಹಕವೂ ವರ್ಧಕವೂ ಒಂದೇ ಬ್ಯಾಟರಿಯಿಂದ ನೇರವಾಗಿ ಶಕ್ತಿ ಪಡೆದರೆ ಹಾಡಿನ ಹಿಂದೆ ಸೊಳ್ಳೆಯ ರಾಗವೊಂದು ಸೇರಿಕೊಳ್ಳುವುದು ಈ ಕೆಲಸದಲ್ಲಿ ಎಲ್ಲರಿಗೂ ಎದುರಾಗುವ ತೊಡಕು. ಗ್ರಾಹಕಕ್ಕೆ ಪ್ರತ್ಯೇಕಗೊಳಿಸುವ ಪುಟ್ಟ ಪರಿವರ್ತಕವೊಂದನ್ನು ನಡುವೆ ಇಟ್ಟರೆ ಆ ಸೊಳ್ಳೆ ಹಾರಿಹೋಗುತ್ತದೆ.

ಬ್ಲೂಟೂತ್ ಎಂಬ ಹೆಸರು ನಿಮಗೆ ವಿಚಿತ್ರವೆನಿಸೀತು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ಅರಸನಿಗೆ ‘ನೀಲಿಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಬೇರೆ ಬೇರೆ ಜನರನ್ನು ಒಂದುಗೂಡಿಸಿದವನೆಂಬ ಕಾರಣಕ್ಕೆ, ಬೇರೆ ಬೇರೆ ಯಂತ್ರಗಳನ್ನು ಬೆಸೆಯುವ ಈ ವಿದ್ಯೆಗೆ 1990ರ ದಶಕದಲ್ಲಿ ಅವನ ಹೆಸರನ್ನಿಟ್ಟರು. ಇದೂ ಬಾನುಲಿಯೇ. ಧಾರವಾಡದಿಂದ 765 ಕಿಲೋಹರ್ಟ್ಸ್‌ನಲ್ಲಿ ನಾವು ಕೇಳುತ್ತಿದ್ದ ಮಧ್ಯಮ ತರಂಗದ ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್. ಬ್ಲೂಟೂತಿನ ಅಲೆ ಗೇಣಿಗಿಂತಲೂ ಚಿಕ್ಕದು, ಸುಮಾರು 12 ಸೆಂಟಿಮೀಟರ್. ಆದುದರಿಂದಲೇ ಬಿದಿರ ಗಳು ಬೇಡ, ನೆಲದ ತಂತಿ ಬೇಡ. ಗದ್ದಲದಲ್ಲಿ ಮಾತು ಕೆಡದಿರಲೆಂದು ಅದು 79 ದಾರಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಇಷ್ಟೆಲ್ಲ ಸಾಹಸ ಮಾಡಿಯೂ ಸಾಮಾನ್ಯವಾಗಿ ಅದರ ಹರವು ಹತ್ತು ಮೀಟರು, ಎಂದರೆ ಒಂದು ಜಗುಲಿ ಮತ್ತು ಅಂಗಳ. ಆಕಾಶವಾಣಿಯ ದನಿ ನಾಡನ್ನೆಲ್ಲ ತುಂಬುತ್ತಿತ್ತು. ಇದರದು ಒಂದು ಪಂಕ್ತಿಗೆ ಸಾಕಾಗುವಷ್ಟು. ನಮಗೆ ಬೇಕಾದುದೂ ಅಷ್ಟೇ ಅಲ್ಲವೇ?

ಜೋಯಿಡಾದ ಮಳೆಗಾಲವನ್ನು ಬಲ್ಲವರಿಗೆ ಅಲ್ಲಿ ವಿದ್ಯುತ್ತು ಹೋಗುವುದು ಹೊಸತಲ್ಲ. ಅಂಥ ಕತ್ತಲೆಯಲ್ಲಿ ಪೆಟ್ಟಿಗೆ ತನ್ನ ಬಲದಿಂದಲೇ ಹಾಡುತ್ತದೆ. ಆಯಿ ಒಂದು ಕ್ರಮವನ್ನು ಮಾಡಿದ್ದಾರೆ: ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ತಾಸು ಯಾರ ಕಿವಿಯಲ್ಲಿಯೂ ಬೇರೆ ಏನೂ ಇರಕೂಡದು, ದಿನಕ್ಕೊಬ್ಬರ ಫೋನು ಪೆಟ್ಟಿಗೆಗೆ ಕೂಡಬೇಕು, ಅವರು ಆರಿಸಿದ್ದನ್ನು ಎಲ್ಲರೂ ಕೇಳಬೇಕು. ಮೊಮ್ಮಗಳು ಸಿನೆಮಾ ಹಾಡು ಹಚ್ಚಿದ ದಿನ ಆಯಿಯೂ ಅದನ್ನು ಕೇಳುತ್ತಾರೆ. ಮರುದಿನ ಆಕೆ ಅಕ್ಕಮಹಾದೇವಿಯ ವಚನಕ್ಕೆ ಕುಳಿತಿರುತ್ತಾಳೆ.

ಶ್ರಾವಣದಲ್ಲಿ ಆಯಿ ಮಗಳ ಮನೆಗೆಂದು ಮುಂಡಗೋಡಕ್ಕೆ ಹೋದಾಗ ಪೆಟ್ಟಿಗೆಯನ್ನೂ ಒಯ್ದರು. ಮುಂಡಗೋಡವೆಂದರೆ, 1966ರಿಂದ ಟಿಬೆಟದ ನಿರಾಶ್ರಿತರು ನೆಲೆಸಿದ ಸ್ಥಳ. ಗಾಂದೆನ್, ಡ್ರೆಪುಂಗ್ ಮುಂತಾದ ಅವರ ಪುರಾತನ ಮಠಗಳ ಕಟ್ಟಡಗಳು ಹಿಮಾಲಯದ ಆಚೆಗೆ ಉಳಿದವು. ಮಂತ್ರ, ಪಾಠ, ಗುರುಪರಂಪರೆಗಳು ಮಾತ್ರ ಜನರೊಂದಿಗೆ ನಡೆದುಬಂದು ಇಲ್ಲಿ ಹೊಸ ಮಠಗಳಾದವು. ಸೂಪಾದ ಮನೆಯನ್ನು ನೀರಿಗೆ ಒಪ್ಪಿಸಿ ಬಂದ ಆಯಿಗೆ ಈ ಸಂಗತಿ ಯಾರೂ ತಿಳಿಸದೆಯೇ ತಿಳಿಯುತ್ತದೆ.

ಹಳೆಯ ದೇಹಕ್ಕೆ ಹೊಸ ದನಿಯನ್ನು ತುಂಬುವುದು ಒಂದು ಬಗೆಯ ಸೋಗಲ್ಲವೇ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಯೋಚಿಸತಕ್ಕ ಮಾತೇ. ಆದರೆ ಶರಣರು ಸ್ಥಾವರ-ಜಂಗಮಗಳ ವಿವೇಕವನ್ನು ನಮಗೆ ಕಲಿಸಿದ್ದಾರೆ. ಆ ಘನವಾದ ತತ್ತ್ವವನ್ನು ಒಂದು ಮರದ ಪೆಟ್ಟಿಗೆಗೆ ಇಳಿಸುವ ಉದ್ಧಟತನ ನನ್ನದಲ್ಲ. ಆದರೂ ಅದರ ಬೆಳಕಿನಲ್ಲಿ ನೋಡಿದಾಗ ಇಷ್ಟು ಕಾಣುತ್ತದೆ: ಆ ಪೆಟ್ಟಿಗೆಯ ಸತ್ವ ವಾಲ್ವುಗಳಲ್ಲಿ ಇರಲಿಲ್ಲ, ಸಾಗುವಾನಿಯಲ್ಲಿಯೂ ಇರಲಿಲ್ಲ, ಅದರ ಸುತ್ತ ಕೂಡುತ್ತಿದ್ದ ಜನರಲ್ಲಿ ಇತ್ತು. ವಸತಿಗೃಹದ ಪಡಸಾಲೆಯಲ್ಲಿ ಅದರ ಒಡಲು ಅಚ್ಚಳಿಯದೆ ಉಳಿಯುತ್ತಿತ್ತು, ಆದರೆ ಅದರ ಕಾಯಕ ಅಳಿಯುತ್ತಿತ್ತು. ಈಗ ಒಡಲೊಳಗೆ ಕೆಲವು ಬದಲಾಗಿವೆ, ಕಾಯಕ ಉಳಿದಿದೆ.

ನಿಮ್ಮ ಅಟ್ಟದ ಮೇಲೆಯೂ ಇಂಥದೊಂದು ಪೆಟ್ಟಿಗೆ ಇರಬಹುದು. ಇಳಿಸುವ ಮುನ್ನ ಎರಡು ಎಚ್ಚರಿಕೆಯ ಮಾತು. ಅದು ಮನೆಯ ವಿದ್ಯುತ್ತಿನಿಂದ ನಡೆಯುವ ವಾಲ್ವು ರೇಡಿಯೋ ಆಗಿದ್ದರೆ, ಪರೀಕ್ಷೆಗೆಂದು ಹಚ್ಚಿ ನೋಡಿದ ಮೇಲೆ ತಂತಿ ಕಿತ್ತರೂ ಅದರ ಕಂಡೆನ್ಸರುಗಳಲ್ಲಿ 250 ವೋಲ್ಟಿನಷ್ಟು ವಿದ್ಯುತ್ತು ಉಳಿದಿರಬಹುದು. ಅದನ್ನು ಬರಿದುಮಾಡಲು ಬಲ್ಲವರ ಹೊರತು ಯಾರೂ ಒಳಗೆ ಕೈಹಾಕಬಾರದು. ಲಿಥಿಯಂ ಕೋಶಗಳಿಗೆ ರಕ್ಷಣೆಯ ಫಲಕವನ್ನೂ ಅವುಗಳಿಗೆಂದೇ ಮಾಡಿದ 12.6 ವೋಲ್ಟಿನ ಚಾರ್ಜರನ್ನೂ ತಪ್ಪದೆ ಬಳಸಬೇಕು. ಹಳೆಯ ಯಂತ್ರಗಳಿಂದ ಕಿತ್ತ, ಒಂದಕ್ಕೊಂದು ಹೊಂದದ ಕೋಶಗಳನ್ನು ಕೂಡಿಸಿದರೆ ಬೆಂಕಿಯ ಭಯವುಂಟು. ಬಿಚ್ಚಿದ ಭಾಗಗಳನ್ನು ಎಸೆಯಬೇಡಿರಿ.

ಉಳಿದುದೆಲ್ಲ ಸುಲಭ. ಒಂದೇ ಒಂದು ಕಷ್ಟದ ಕೆಲಸವೆಂದರೆ, ಮನೆಯವರೆಲ್ಲರನ್ನೂ ಅರ್ಧ ತಾಸು ಒಂದೆಡೆ ಕೂರಿಸುವುದು. ಅದನ್ನು ಮಾಡಿಕೊಡುವ ಫಲಕವು ಯಾವ ಅಂಗಡಿಯಲ್ಲಿಯೂ ದೊರೆಯದು. ಅದು ಮನೆಯ ಹಿರಿಯರ ಮಾತಿನಿಂದಲೇ ಆಗಬೇಕು.